ಅತ್ತೆಯ ಅಂಗುಳಿನ ಕರಿ ಮಚ್ಚೆ

ಮೂರು ವರ್ಷದ ಹಿಂದಿನ ಮಾತು. ಬನಹಟ್ಟಿಯಲ್ಲಿ ನಮ್ಮ ಅತ್ತೆಗೆ, ಅಂದರೆ ನನ್ನ ಗಂಡನ ತಾಯಿಗೆ, ಹಲ್ಲಿನ ಸೆಟ್ ಹಾಕಿಸಬೇಕಿತ್ತು. ಶಾಲೆಗೆ ರಜೆ ಇದ್ದುದರಿಂದ ಶಿಕ್ಷಕಿಯಾದ ನಾನೇ ಜಮಖಂಡಿಗೆ ಕರೆದುಕೊಂಡು ಹೋದೆ.

ಅತ್ತೆಯ ಅಂಗುಳಿನಲ್ಲಿ ಹಿಂದಿನ ಯುಗಾದಿ ಹೊತ್ತಿಗೆ ಒಂದು ಕರಿ ಮಚ್ಚೆ ಕಾಣಿಸಿಕೊಂಡಿತ್ತು. ನಾಲಿಗೆಯಲ್ಲಿ ಮಚ್ಚೆ ಇದ್ದವರು ಆಡಿದ್ದು ನಿಜವಾಗುತ್ತದೆ ಎನ್ನುತ್ತಾರಲ್ಲ. ಅತ್ತೆಯದು ನಾಲಿಗೆ ಬಿಟ್ಟು ಮೇಲೆ ಹತ್ತಿದ್ದರೂ ಓಣಿಯವರು ತಕರಾರು ತೆಗೆಯಲಿಲ್ಲ. ಹೆಣ್ಣು ನೋಡಲು ಹೊರಟವರು, ಹೊಸ ಮಗ್ಗ ಕೂಡಿಸುವವರು ನಮ್ಮ ಕಟ್ಟೆಗೆ ಬಂದು, "ಅಮ್ಮಾ, ಛಲೋ ಆಗತೈತಿ ಅನ್ರಿ" ಎಂದು ಹೇಳಿಸಿಕೊಂಡು ಹೋಗುತ್ತಿದ್ದರು. ಅತ್ತೆಗೂ ಜಂಬ ಕಡಿಮೆ ಇರಲಿಲ್ಲ.

ಹಲ್ಲಿನ ಡಾಕ್ಟರು ಬಾಯಿಗೆ ಬೆಳಕು ಬಿಟ್ಟವರೇ ಮಚ್ಚೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಅವ್ವಾರ, ಇದು ದೊಡ್ಡದಾಗಾಕತ್ತೈತೇನ್ರಿ?"

"ಹೌದವಾ, ಬೆಳೀಲಿ ಬಿಡು" ಎಂದು ಅತ್ತೆ ನಕ್ಕರು. ಡಾಕ್ಟರು ನಗಲಿಲ್ಲ. ಸೆಟ್ಟಿನ ಮಾತು ಬಿಟ್ಟು ನಮ್ಮನ್ನು ಬೆಳಗಾವಿಗೆ ಕಳಿಸಿದರು.

ಅಲ್ಲಿ ಚೂರು ತೆಗೆದು ಪರೀಕ್ಷಿಸಿದಾಗ ಮೆಲನೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. ಅದು ಚರ್ಮದ ರೋಗ ಎಂದಷ್ಟೇ ನಾನು ಕೇಳಿದ್ದೆ. "ಚರ್ಮಕ್ಕ ಬಣ್ಣ ಕೊಡೂ ಕಣ ಬಾಯಾಗ, ಮೂಗಿನಾಗ, ಕಣ್ಣಾಗೂ ಇರತಾವ್ರಿ. ಅಪರೂಪಕ್ಕ ಅಲ್ಲೂ ಹುಟ್ಟತೈತಿ. ಇನ್ನೂ ಹಬ್ಬಿಲ್ಲ, ಲಗೂನ ತಗಸ್ರಿ" ಎಂದರು ಅಲ್ಲಿನ ಡಾಕ್ಟರು.

ಅತ್ತೆ ಮಾತ್ರ ಒಪ್ಪಲಿಲ್ಲ. "ದೇವರು ಕೊಟ್ಟಿದ್ದನ್ನ ಕೊಯ್ಸಿಕೊಂಡು ಮಂದಿಗೆ ಹೆಂಗ ಮಾರಿ ತೋರಸ್ಲಿ?" ಎಂದು ಹಟ ಹಿಡಿದರು. ನನ್ನ ಗಂಡ ಗೋಗರೆದರೂ ಕೇಳಲಿಲ್ಲ. ನನಗೆ ಸಿಟ್ಟು ಬಂತು.

"ಅತ್ತಿ, ನೀವು ಅಂದದ್ದು ಖರೆ ಆಗತೈತೋ ಇಲ್ಲೋ?"

"ಆಗತೈತಿ."

"ಹಂಗಾದ್ರ 'ನಾ ಆರಾಮ ಆಗತೇನಿ' ಅಂತ ಈಗ ಅಂದಬಿಡ್ರಿ. ಆಮ್ಯಾಲ ತಗಸೂಣು. ಅಂದ ಮಾತು ಎಲ್ಲಿಗೂ ಹೋಗೂದಿಲ್ಲ."

ಅತ್ತೆ ನನ್ನನ್ನೇ ದಿಟ್ಟಿಸಿದರು. "ಭಾರೀ ಶಾಣ್ಯಾಕಿ ಅದಿ ಬೇ" ಎಂದು ನಕ್ಕು, ಕೈಮುಗಿದು, ಆ ಮಾತನ್ನು ಗಟ್ಟಿಯಾಗಿ ಅಂದೇಬಿಟ್ಟರು.

ಅಂಗುಳಿನ ಒಂದು ಭಾಗ ಹೋಯಿತು. ಅಲ್ಲಿ ಈಗ ತೂತು ಮುಚ್ಚುವ ಪ್ಲೇಟ್ ಕೂಡಿಸಿದ್ದಾರೆ, ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತದೆ. ಮರುಕಳಿಸುವ ರೋಗ, ತಪ್ಪದೆ ತೋರಿಸುತ್ತಿರಿ ಎಂದಿದ್ದಾರೆ, ತೋರಿಸುತ್ತಿದ್ದೇವೆ. ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಹಿರಿಯರ ನಂಬಿಕೆಯ ಜೊತೆ ಜಗಳ ಆಡುವುದಕ್ಕಿಂತ ಅದನ್ನೂ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವುದು ಒಳ್ಳೆಯದು ಎಂದು ನಾನು ಕಲಿತೆ.

ಈಗಲೂ ಓಣಿಯವರು ಬರುತ್ತಾರೆ. ಅತ್ತೆ ಅವರನ್ನು ಬಿಸಿಲಿಗೆ ನಿಲ್ಲಿಸಿ, "ಮೊದಲ ಬಾಯಿ ತಗಿ, ನೋಡೂಣು" ಎನ್ನುತ್ತಾರೆ. ಹೋದ ವಾರ ನನ್ನ ಸರದಿ ಬಂತು. "ಏನೂ ಇಲ್ಲವಾ, ಸ್ವಚ್ಛ ಐತಿ" ಎಂದರು. ಆದರೂ ನನ್ನ ಗದ್ದ ಹಿಡಿದ ಕೈ ಬಿಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.