ಸಂಶಯವನ್ನೇ ಸೇವೆಯಾಗಿಸಿದ ಬೈಂದು ಲಾನ್ಸಾನಾ

ಅಂದು ಮುಂಜಾನೆ ಮರುಭೂಮಿಯ ಧೂಳುಗಾಳಿ ಫಾಲಾಹುನ್ ಹಳ್ಳಿಯ ಮೇಲೆ ಇಳಿದಿತ್ತು. ಹೊತ್ತು ಮೂಡಿದ್ದರೂ ಹತ್ತು ಮಾರು ದೂರದಲ್ಲಿ ನಿಂತವರ ಗುರುತು ಹತ್ತುತ್ತಿರಲಿಲ್ಲ. ಯಾರು ಯಾರೆಂದು ಗುರುತಿಸುವುದಕ್ಕೆಂದೇ ಸಿಯೆರಾ ಲಿಯೋನ್ ಸರ್ಕಾರದ ನೌಕರರ ದಾಖಲೆ ಕಚೇರಿಯಿಂದ ಬಂದಿದ್ದ ಶ್ರೀಮತಿ ಬೈಂದು ಲಾನ್ಸಾನಾ ಅವರು ಮುಖದ ಧೂಳು ಒರೆಸಿಕೊಂಡು, ದೇವರನ್ನು ನೆನೆದು, ಆರೋಗ್ಯ ಉಪಕೇಂದ್ರದ ಜಗಲಿಯ ಮೇಲೆ ಕುಳಿತರು.

ಯುದ್ಧ ಮುಗಿದು ವರ್ಷ ಕಳೆದಿತ್ತು. ಕಡತಗಳು ಸುಟ್ಟುಹೋಗಿದ್ದವು, ಸತ್ತವರ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಬದುಕಿ ದುಡಿಯುವವರದು ಇರಲಿಲ್ಲ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿರುವ ಬೈಂದು ಅವರಿಗೆ ನಮ್ಮ ಆಡಳಿತ ಸುಧಾರಣೆಯ ಚರಿತ್ರೆಯಲ್ಲೊಂದು ಸ್ಥಾನವಿದ್ದರೆ, ಅದು ಯಾರನ್ನೂ ಸುಲಭಕ್ಕೆ ನಂಬದ ಅವರ ಗುಣಕ್ಕೆ ಸಂದದ್ದು. ಬೆರಳಚ್ಚುಗಾರ್ತಿಯಾಗಿ ಸೇರಿದ ದಿನದಿಂದಲೂ ಅವರು ಮೊಹರನ್ನು ನಂಬಿದವರಲ್ಲ, ಸಹಿಯನ್ನೂ ನಂಬಿದವರಲ್ಲ. ನೌಕರ ಕೆಲಸದಲ್ಲಿ ಮೈಮರೆತಿರುವಾಗ ಹಿಂದಿನಿಂದ ಹೆಸರು ಹಿಡಿದು ಕರೆಯುವುದು ಅವರ ಪದ್ಧತಿ. ಎರವಲು ಹೆಸರಿನವರು ತಿರುಗುವುದು ಅರೆಕ್ಷಣ ತಡ.

"ಯೆಮಾ!" ಎಂದು ಕರೆದರು. ಮಗುವೊಂದನ್ನು ತೂಗುತ್ತಿದ್ದ ನರ್ಸ್ ತಟ್ಟನೆ ತಿರುಗಿದಳು. ಜೊತೆಗಿದ್ದ ಗುಮಾಸ್ತ ಸರಿ ಗುರುತು ಹಾಕಲು ಹೋದ. ಬೈಂದು ಅವನ ಕೈ ತಡೆದರು. ಪಟ್ಟಿಯ ಪ್ರಕಾರ ಯೆಮಾ ಸಾಫಾ ಕೆಲಸಕ್ಕೆ ಸೇರಿ ಇಪ್ಪತ್ತನಾಲ್ಕು ವರ್ಷ. ಎದುರಿಗಿದ್ದವಳಿಗೆ ಮೂವತ್ತೂ ತುಂಬಿರಲಿಲ್ಲ.

"ಏನಮ್ಮಾ, ತೊಟ್ಟಿಲಲ್ಲಿದ್ದಾಗಲೇ ನೌಕರಿಗೆ ಸೇರಿದ್ಯಾ?"

ಊರಿನ ಮುಖ್ಯಸ್ಥ ಪಾ ವಾಂಡಿ ನಡುವೆ ಬಾಯಿ ಹಾಕಿದ: "ನಮ್ಮೂರ ನೀರು ಅಂಥದ್ದು ತಾಯಿ. ವಯಸ್ಸೇ ಆಗಲ್ಲ."

"ಹಾಗಾದ್ರೆ ಪಾ, ನೀವು ಮಾತ್ರ ಬೇರೆ ಊರ ನೀರು ಕುಡೀತೀರೋ?"

ನೆರೆದವರಲ್ಲಿ ಒಬ್ಬಳು ಕಿಸಕ್ಕೆಂದಳು, ಉಳಿದವರು ನಗಲಿಲ್ಲ. ಯುದ್ಧದ ದಿನಗಳಲ್ಲಿ ಹೆಸರು ಬರೆದುಕೊಂಡು ಹೋದವರು ಒಳ್ಳೆಯದಕ್ಕೆ ಬರೆದಿರಲಿಲ್ಲ.

ಕೊನೆಗೆ ಬಾಯಿ ಬಿಟ್ಟವಳು ಆ ಹೆಣ್ಣುಮಗಳೇ. "ನಾನು ಜೆಬ್ಬೆ. ಯೆಮಾ ನಮ್ಮಕ್ಕ. ದಾಳಿ ಮಾಡಿದವರು ಕೊಂದು ನಾಲ್ಕು ವರ್ಷ ಆಯ್ತು. ಬಾವಿ ಹಿಂದೆ ಮಣ್ಣು ಮಾಡಿದೀವಿ. ಸತ್ತವರಿಗಿಡೋ ನಲವತ್ತನೇ ದಿನದ ಅನ್ನ ಕೂಡ ಇಟ್ಟಿಲ್ಲ ಮಾ. ಇಟ್ರೆ ನಾಲ್ಕೂರಿಗೆ ಗೊತ್ತಾಗುತ್ತೆ, ನಿಮ್ಮ ಕಿವಿಗೆ ಬೀಳುತ್ತೆ, ಈ ಬಾಗಿಲಿಗೆ ಬೀಗ ಬೀಳುತ್ತೆ."

"ಅಕ್ಕ ಹೋದ್ರೆ ತಂಗಿ ಆ ಜಾಗದಲ್ಲಿ ಕೂರೋದು ನಮ್ಮ ಪದ್ಧತಿ," ಎಂದ ಪಾ ವಾಂಡಿ. "ಸರ್ಕಾರದ ಮನೇಲಿ ಬೇರೆ ಪದ್ಧತಿ ಅಂತ ನಮಗ್ಯಾರು ಹೇಳಿದ್ರು?"

ಬೈಂದು ಅವರು ಅದನ್ನೂ ನಂಬಲಿಲ್ಲ. ಜೆಬ್ಬೆ ಹೆರಿಗೆ ಮಾಡಿಸಿದ್ದ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಎಲ್ಲರೂ ಹೊಗಳಿದ್ದರಿಂದ, ಯಾರೋ ಹೇಳಿಕೊಟ್ಟಿರಬೇಕೆಂದು ಸಂಶಯ ಇನ್ನಷ್ಟು ಬಲವಾಯಿತು. ಮರುದಿನ ಮಧ್ಯಾಹ್ನ ಚೊಚ್ಚಲ ಬಸುರಿಯೊಬ್ಬಳಿಗೆ ನೋವು ಬಂದಾಗ ತಾವೇ ಒಳಗೆ ಕುಳಿತರು. ಕೂಸು ಅಡ್ಡ ತಿರುಗಿತ್ತು. ಅಕ್ಕ ಕಲಿಸಿದ್ದ ಜೆಬ್ಬೆಯ ಕೈಗಳು ಅದನ್ನು ಹೊಟ್ಟೆಯ ಮೇಲಿಂದಲೇ ಮೆಲ್ಲಮೆಲ್ಲಗೆ ಸರಿಯಾಗಿ ತಿರುಗಿಸಿದವು. ಆ ಕೈಗಳನ್ನು ಬೈಂದು ನಂಬಿದರು.

ಆದರೆ ಆಗ ತಮ್ಮೊಳಗೆ ಉಕ್ಕಿದ ಕರುಣೆಯ ಮೇಲೆ ಅವರಿಗೆ ಸಂಶಯ ಬಂತು. ಒಬ್ಬಳಿಗಾಗಿ ಕಣ್ಣು ಮುಚ್ಚಿದರೆ ನಾಳೆ ಕಳ್ಳರಿಗೂ ಮುಚ್ಚಬೇಕಾದೀತು. ಯೆಮಾ ಸಾಫಾಳ ಹೆಸರನ್ನು ಹೊಡೆದುಹಾಕಿದರು. ಊರು ಅವರಿಗೆ ಅತಿಥಿ ಮರ್ಯಾದೆಯ ಕೋಲಾ ಕಾಯಿ ಕೊಡದೆ, ಮುಖ ಕೊಟ್ಟೂ ಮಾತಾಡದೆ ಕಳುಹಿಸಿತು.

ಕೆನೆಮಾ ಪಟ್ಟಣಕ್ಕೆ ಮರಳಿದವರು ಸುಮ್ಮನಿರಲಿಲ್ಲ. ಮೇಜಿನಿಂದ ಮೇಜಿಗೆ ಅಲೆದು ಉಪಕೇಂದ್ರಕ್ಕೆ ತಾತ್ಕಾಲಿಕವಾಗಿ ಒಬ್ಬ ನರ್ಸನ್ನು ಕಳುಹಿಸಿದರು. ಜೆಬ್ಬೆಯನ್ನು ಸೂಲಗಿತ್ತಿಯರ ತರಬೇತಿಗೆ ಸೇರಿಸಿದರು. ಅವಳ ಪರವಾಗಿ ಜಾಮೀನಿಗೆ ಸಹಿ ಹಾಕಿದ್ದೂ ಅವರೇ. ಲಂಚ ತಿಂದಿದ್ದಾರೆಂದು ಗುಸುಗುಸು ಎದ್ದು, ಅವರ ಮೇಲೆಯೇ ವಿಚಾರಣೆ ಕೂತಿತು. "ನನ್ನನ್ನೂ ಹಿಂದಿನಿಂದ ಕರೆದು ನೋಡಿ ಸ್ವಾಮಿ," ಎಂದು ತಮ್ಮ ಕಾಗದಪತ್ರಗಳನ್ನೆಲ್ಲ ಮೇಜಿನ ಮೇಲೆ ಸುರಿದರು. ಏನೂ ಸಿಗಲಿಲ್ಲ. ಎರಡು ವರ್ಷದ ಮೇಲೆ 'ಜೆಬ್ಬೆ ಸಾಫಾ' ಎಂಬ ಹೆಸರಿನ ನೇಮಕಾತಿ ಆದೇಶವನ್ನು ತಾವೇ ಫಾಲಾಹುನ್‌ಗೆ ಒಯ್ದರು.

ಬೈಂದು ಅವರು ನೂರ್ಕಾಲ ಬಾಳಲಿ. ಆ ಚೂಪುಗಣ್ಣು ಮಂಜಾಗದಿರಲಿ. ಕಚೇರಿಗೆ ಹೊಸದಾಗಿ ಬರುವವರನ್ನು ನಿವೃತ್ತಿಯ ನಂತರವೂ ಅವರು ಹೀಗೆಯೇ ನಂಬದೆ ತಿದ್ದುತ್ತಿರಲಿ. ದೇವರಲ್ಲಿ ಹೀಗೆ ಬೇಡುವಾಗ, ಆದೇಶ ತಲುಪಿದ ಮರುದಿನದ ಬೆಳಗು ಕಣ್ಣೆದುರು ನಿಲ್ಲುತ್ತದೆ. ಆರು ವರ್ಷ ತಡವಾಗಿ ಫಾಲಾಹುನ್‌ನಲ್ಲಿ ನಲವತ್ತನೇ ದಿನದ ಅನ್ನ ಬೆಂದಿತ್ತು. ಪಾ ವಾಂಡಿ ಸತ್ತವಳ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿದ. ಜೆಬ್ಬೆ ತಿರುಗಲಿಲ್ಲ. ಬಾವಿಯ ಹಿಂದೆ ಮಂಡಿಯೂರಿ, ಎಲೆಯ ಮೇಲಿನ ಅನ್ನವನ್ನು ಮಣ್ಣಿನ ಮೇಲಿಟ್ಟು, ಪಕ್ಕದಲ್ಲಿದ್ದ ಬೈಂದು ಅವರಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಅಕ್ಕಾ, ತಗೋ. ನಿನ್ನ ಹೆಸರು."