ಹೊಸ ಶಿವದಾರ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಕೂತರೆ ನಾನು ಎದ್ದು ಚಹಾಕ್ಕೆ ಹೋಗುತ್ತಿದ್ದೆ. ಇಪ್ಪತ್ತು ವರ್ಷ ಹೊಲ ಅಳೆದ ಸರ್ವೆಯರ್ ನಾನು; ಅಳತೆಗೆ ಸಿಗದ ಮಾತು ಕೇಳಿದರೆ ಸಿಟ್ಟೇ ಬರುತ್ತಿತ್ತು. ಕೊರಳಲ್ಲಿದ್ದ ಲಿಂಗವನ್ನೂ ಕಾಲೇಜು ಸೇರಿದ ವರ್ಷವೇ ತೆಗೆದು ದೇವರ ಮಾಡದಲ್ಲಿ ಇಟ್ಟಿದ್ದೆ. ಹಾಗಾಗಿ ಮುಂದಿನದನ್ನು ನೀವು ನಂಬಲೇಬೇಕು ಎಂದು ನಾನು ಕೇಳುವುದಿಲ್ಲ.

ನನ್ನ ಹೆಂಡತಿ ಮಹಾದೇವಿ ಹಾಗಲ್ಲ. ಬೆಳ್ಳಿ ಕರಡಿಗೆಯೊಳಗಿನ ಲಿಂಗ ಶಿವದಾರದಲ್ಲಿ ಸದಾ ಅವಳ ಎದೆಯ ಮೇಲಿರುತ್ತದೆ. ಅದನ್ನು ಕಣ್ಣಿಗೊತ್ತಿಕೊಳ್ಳದೆ ರೊಟ್ಟಿ ಮುರಿದವಳಲ್ಲ. ಕಳೆದುಹೋದರೆ, ಸಿಗುವ ತನಕ ಗುಟುಕು ನೀರೂ ಕುಡಿಯಬಾರದು ಎಂಬುದು ಕೊಳಕೂರಿನ ಅವಳ ತವರುಮನೆಯ ಕಟ್ಟು. ದಾರ ಸವೆದಿದೆ, ಹೊಸದು ತನ್ನಿ ಎಂದು ಅವಳು ತಿಂಗಳಿಂದ ಹೇಳುತ್ತಿದ್ದಳು. ನಾಳೆ ತರುತ್ತೇನೆ ಎಂದು ನಾನೂ ಅಷ್ಟೇ ದಿನದಿಂದ ಹೇಳುತ್ತಿದ್ದೆ.

ಆರು ವರ್ಷದ ಹಿಂದಿನ ದಸರೆ ರಜೆ. ಮದುವೆಯಾದಾಗಿನಿಂದ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಜೇವರ್ಗಿಯಲ್ಲಿ ಬಸ್ಸು ಹತ್ತಿ ಅಫಜಲಪುರಕ್ಕೆ ಹೋದೆವು. ಅಲ್ಲಿ ನಮಗೆ ಕೆಲಸವಿಲ್ಲ, ನೆಂಟರಿಲ್ಲ. ಸುಮ್ಮನೆ ಊರು ನೋಡುವುದು. ಇಳಿಯುವಾಗಲೇ ಮಳೆ. ಒಂದೇ ಕೊಡೆಯಲ್ಲಿ ಇಬ್ಬರೂ ಅರ್ಧರ್ಧ ತೊಯ್ದುಕೊಂಡು ಚಹಾ ಕುಡಿದೆವು, ಬಳೆ ಅಂಗಡಿಯಲ್ಲಿ ಅವಳು ಹಸಿರು ಬಳೆ ಇಡಿಸಿಕೊಂಡಳು, ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದೆವು. ಒಂದು ಗುಡಿಯ ಮೆಟ್ಟಿಲ ಮೇಲೆ ಕೂತು ಮಳೆ ನೋಡಿದೆವು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದೇ ಅವತ್ತು.

ಮಧ್ಯಾಹ್ನ ಒಂದು ಖಾನಾವಳಿಗೆ ಹೋದೆವು. ಅವಳಿಗೆ ಸಕ್ಕರೆ ಕಾಯಿಲೆ. ತಟ್ಟೆ ಬರುವ ಮೊದಲು ದಿನದಂತೆ ಇನ್ಸುಲಿನ್ ಚುಚ್ಚಿಕೊಂಡಳು. ಬಿಸಿ ರೊಟ್ಟಿ, ಝುಣಕ ಬಂತು. ಅವಳು ಕೈ ಎದೆಗೆ ಒಯ್ದಳು. ಕೈ ಅಲ್ಲೇ ನಿಂತಿತು. ಕರಡಿಗೆ ಇರಲಿಲ್ಲ.

ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು. ಇಂಜೆಕ್ಷನ್ ಆಗಿದೆ, ಉಣ್ಣದಿದ್ದರೆ ಜೀವಕ್ಕೆ ಕುತ್ತು ಬರುತ್ತದೆ ಎಂದು ಕೈಮುಗಿದೆ, ಗದರಿದೆ. ಬಾಯಿಗೆ ಸಕ್ಕರೆ ಹಿಡಿದರೆ ಹಲ್ಲು ಕಚ್ಚಿದಳು. ಆಸ್ಪತ್ರೆಗೆ ನಡೆ ಎಂದರೂ ಏಳಲಿಲ್ಲ.

“ಲಿಂಗ ಇಲ್ದ ಹ್ಯಾಂಗ ಉಣ್ಲಿರಿ? ಹೋಗಿ ಹುಡುಕ್ರಿ, ಜಲ್ದಿ,” ಎಂದಳು. ಆಗಲೇ ಹಣೆ ಬೆವರಿತ್ತು.

ಖಾನಾವಳಿಯ ಯಜಮಾನಿಗೆ ಅವಳನ್ನು ಒಪ್ಪಿಸಿ, ಕೊಡೆಯನ್ನೂ ಅಲ್ಲೇ ಬಿಟ್ಟು ಓಡಿದೆ. ಗುಡಿಯ ಮೆಟ್ಟಿಲು, ಸೀರೆ ಅಂಗಡಿ, ನಡೆದ ಬೀದಿ. ಚರಂಡಿಯ ಕೆಂಪು ನೀರಿಗೆ ಮೊಣಕೈತನಕ ಕೈ ಹಾಕಿ ತಡಕಿದೆ. ಜನ ನಿಂತು ನೋಡುತ್ತಿದ್ದರು. ಎಂಟಾಣೆಯ ದಾರಕ್ಕೆ ಹೆಂಡತಿಯನ್ನು ಕೊಂದೆ ಎಂಬ ಮಾತು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ನಡು ಬೀದಿಯಲ್ಲಿ ನಿಂತು ಅತ್ತೆ. ತಪ್ಪು ನನ್ನದು, ಅವಳನ್ನು ಬಿಡು ಬಸವಣ್ಣ ಎಂದು ಬೇಡಿಕೊಂಡೆ. ಮೂವತ್ತು ವರ್ಷದಲ್ಲಿ ಬೇಡಿದ್ದು ಅದೇ ಮೊದಲು.

ಕೊನೆಗೆ ಉಳಿದದ್ದು ಬಳೆ ಅಂಗಡಿ. ಬಳೆ ಮಾರುವ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಈಗೇ ನೀವೇ ಬಂದು ಒಯ್ದ್ರಲ್ರಿ ಸಾಹೇಬ್ರ. ಚಾಪಿ ಮ್ಯಾಗ ಬಿದ್ದಿತ್ತು, ಶುದ್ಧ ಅರಿವ್ಯಾಗ ಸುತ್ತಿ ಮ್ಯಾಲ ಇಟ್ಟಿದ್ದೆ. ಕೈಯಾರೆ ನಿಮಗೇ ಕೊಟ್ಟೇನಿ.”

ನಾನಲ್ಲ ಎಂದೆ. ಅವನಿಗೆ ನಗು ಬಂತು. ನಿಂತು ವಾದಿಸಲು ಪುರಸೊತ್ತು ಇರಲಿಲ್ಲ. ಇನ್ನು ಮುಗಿಯಿತು, ಅವಳನ್ನು ಹೊತ್ತುಕೊಂಡಾದರೂ ಆಸ್ಪತ್ರೆಗೆ ಒಯ್ಯಬೇಕು ಎಂದು ಹಿಂದಕ್ಕೆ ಓಡಿದೆ.

ಮಹಾದೇವಿ ರೊಟ್ಟಿ ತಿನ್ನುತ್ತಿದ್ದಳು. ಮುಖಕ್ಕೆ ಕಳೆ ಬಂದಿತ್ತು. ಎದೆಯ ಮೇಲೆ ಕರಡಿಗೆ, ಅದಕ್ಕೆ ಬೆಳ್ಳನೆಯ ಹೊಸ ಶಿವದಾರ.

“ಕಟ್ಟಿ ಮತ್ತ ಎಲ್ಲಿಗಿ ಹೋಗಿದ್ರಿ, ಹಿಂಗ ತೊಯ್ಸ್ಕೊಂಡು?” ಎಂದಳು.

ಯಜಮಾನಿಯ ಮುಖ ನೋಡಿದೆ. “ದಾರ ಕಟ್ಟಿ, ಅಕ್ಕಾರ ಬಾಯಾಗ ಬೆಲ್ಲ ಇಟ್ಟು ಹೊರಗ ಹೋದ್ರಿ, ಈಗ ಬಂದ್ರಿ. ಮೈ ಹುಷಾರ್ ಅದ ಇಲ್ರಿ ನಿಮ್ದು?” ಎಂದು ಆಕೆಯೇ ನನ್ನನ್ನು ಕೇಳಿದಳು. ನನ್ನ ಅಂಗಿಯಿಂದ ಇಳಿದ ನೀರು ನೆಲದ ಮೇಲೆ ಹರಿಯುತ್ತಿತ್ತು.

ಯಾರೋ ಪುಣ್ಯಾತ್ಮ, ನನ್ನ ಹಾಗೇ ಇರುವವನು, ತಂದುಕೊಟ್ಟಿರಬೇಕು. ಸಕ್ಕರೆ ಇಳಿದ ಅವಳ ಕಣ್ಣಿಗೆ ನಾನೇ ಎನಿಸಿರಬೇಕು. ಬಸ್ಸಿನಲ್ಲಿ ಹೀಗೆಲ್ಲ ಲೆಕ್ಕ ಹಾಕುತ್ತಾ ಬಂದೆ. ಹಾಗಾದರೆ ಯಜಮಾನಿಯ ಕಣ್ಣಿಗೆ ಏನಾಗಿತ್ತು? ಅಷ್ಟರಲ್ಲಿ ಮಹಾದೇವಿ ನನ್ನ ಕೈ ಹಿಡಿದಳು. “ನಾಳೆ ಅಂತ ಇನ್ನ ಅನ್ನಂಗಿಲ್ಲ ಅಂದ್ರಲ್ಲ ಕಟ್ಟುವಾಗ, ಅದು ನನಗ ಸಾಕಾಯ್ತು ನೋಡ್ರಿ. ಅಂಥಾ ಮಳ್ಯಾಗ ನಿಮ್ಮ ಕೈ ಎಷ್ಟ್ ಬೆಚ್ಚಗಿದ್ದವು,” ಎಂದಳು. ನಾಳೆ ಎಂಬ ನನ್ನ ಮಾತು ನಮ್ಮ ಅಡುಗೆಮನೆಯಾಚೆ ಯಾರಿಗೂ ಗೊತ್ತಿರಲಿಲ್ಲ.

ನಾನಲ್ಲ ಎಂದು ಅವತ್ತು ಹೇಳಲಾಗಲಿಲ್ಲ. ಇಂದಿಗೂ ಹೇಳಿಲ್ಲ. ಬಂದವರು ಯಾರು ಎಂದು ನನಗೆ ಗೊತ್ತಿಲ್ಲ. ನಾನು ಮಾಡಬೇಕಿದ್ದ ಕೆಲಸವನ್ನು ನನ್ನ ಮುಖ ಇಟ್ಟುಕೊಂಡು ಮಾಡಿ ಹೋದರು, ಅಷ್ಟು ಗೊತ್ತು. ಹೋದ ವರ್ಷ ಕೊನೆಗೂ ಒಂದು ಶಿವದಾರ ಕೊಂಡು ತಂದೆ. ಅವಳು ಕೊರಳಲ್ಲಿದ್ದುದನ್ನು ಎಳೆದು ತೋರಿಸಿದಳು.

“ಇದ್ಯಾಕ್ರಿ? ಅವತ್ತ ನೀವ್ ಕಟ್ಟಿದ್ದು ಇನ್ನಾ ಗಟ್ಟಿ ಅದಲ್ರಿ.”

ನಾನು ತಂದ ದಾರ ಕಪಾಟಿನಲ್ಲಿ ಹಾಗೇ ಇದೆ.