ಗಾಳಿ ಮಿಷನ್ನಿಗೆ ರಜ

ಎಂಬತ್ತರ ದಶಕದ ಮಾತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಫಿಟ್ಟರ್. ಲಗ್ಗೆರೆಯ ಬಾಡಿಗೆ ಮನೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಮೀನಿನ ತೊಟ್ಟಿಯೊಂದನ್ನು ನಾನೇ ಮಾಡಿದ್ದೆ. ಅದು ಒಂದು ಹನಿಯೂ ಸೋರುತ್ತಿರಲಿಲ್ಲ. ಮೀನು ಮಾತ್ರ ಉಳಿಯುತ್ತಿರಲಿಲ್ಲ. ಬಣ್ಣಬಣ್ಣದವು ಎರಡು ಸಲ ಬಂದವು, ಎರಡು ಸಲವೂ ಹೊಟ್ಟೆ ಮೇಲಾಗಿ ತೇಲಿದವು.

"ಮೂರನೇ ಸಲವೂ ಹಿಂಗೇ ಆದ್ರೆ ಅದ್ರಲ್ಲಿ ರಾಗಿ ತುಂಬಿಡ್ತೀನಿ ಕಣ್ರೀ," ಎಂದಳು ಹೆಂಡತಿ. ಅವಳು ಹೇಳಿದ್ದನ್ನು ಮಾಡುವವಳೇ.

ಶಿವಾಜಿನಗರದ ಅಂಗಡಿಯವನು ಈ ಸಲ ಹೆಬ್ಬೆರಳುದ್ದದ ಆರು ಮೀಸೆ ಮೀನು ಕೊಟ್ಟ. "ಸಾಧು ಮೀನು ಸಾರ್, ಯಾರ ತಂಟೆಗೂ ಹೋಗಲ್ಲ. ಆಗಾಗ ಮೇಲೆ ಬಂದು ಗಾಳಿ ನುಂಗ್ತವೆ, ಹೆದರ್ಬೇಡಿ."

ವರ್ತೂರು ಕೆರೆ ದಡದಲ್ಲಿ ಹುಟ್ಟಿ ಬೆಳೆದ ನನ್ನಮ್ಮ ಬಗ್ಗಿ ನೋಡಿ, ತಮ್ಮ ಕೆರೆಯಲ್ಲಿ ಹಿಡಿದು ತಿನ್ನುವ ಮೀಸೆ ಮೀನೇ ಎಂದುಕೊಂಡು, "ಮುರುಗೋಡು ಮರಿ! ಸಾರು ಯಾವತ್ತು?" ಎಂದಳು. ನನಗೆ ಮೈಯೆಲ್ಲಾ ಉರಿಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಅವಕ್ಕೆ ಹೊತ್ತುಹೊತ್ತಿಗೆ ಊಟ ಹಾಕುವವಳು ಅವಳೇ ಆದಳು. ಮರಳು ಮೂಸುತ್ತಾ ಓಡಾಡುವ ಆ ಆರು ಮೀನು ನನಗಂತೂ ಪ್ರಾಣ.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಕುಂಬಳಕಾಯಿ ಒಡೆದು, ಪುರಿ, ಬೂಂದಿಯ ಪೊಟ್ಟಣ ಹಿಡಿದು ಮಧ್ಯಾಹ್ನ ಮನೆಗೆ ಬಂದರೆ, ತೊಟ್ಟಿಯ ನೀರಿಗೆ ಗಾಳಿ ಊದುವ ಮಿಷನ್ನು ನಿಂತುಹೋಗಿದೆ. ಅದರ ಮೇಲೆ ವಿಭೂತಿ, ಕುಂಕುಮ, ಒಂದು ಸೇವಂತಿಗೆ. ಅಮ್ಮ ಸ್ಟೂಲಿನ ಮೇಲೆ ಕೂತು, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತಿದ್ದಳು. ಸೆರಗೆಲ್ಲ ಒದ್ದೆ.

"ಯಾಕಮ್ಮ ನಿಲ್ಲಿಸ್ದೆ?"

"ಪೂಜೆ ಮಾಡಿದ್ ಮಿಸನ್ನ ಇವತ್ತು ದುಡಿಸ್ಬಾರ್ದು ಕಣ್ಲಾ. ನಿಲ್ಲಿಸಿದ್ರೆ ಇವು ಉಸ್ರಿಗೆ ಮ್ಯಾಕೆ ಓಡ್ ಬತ್ತಾವೆ, ಪಾಪ. ಬೆಳಿಗ್ಗೆಯಿಂದ ಉಯ್ತಾನೇ ಇವ್ನಿ."

ಎಣಿಸಿದೆ. ಆರೂ ಗಟ್ಟಿಯಾಗಿದ್ದವು. ಅಡುಗೆಮನೆಯಿಂದ ಹೆಂಡತಿ ಇಣುಕಿ, "ರಾಗಿ ಡಬ್ಬದಲ್ಲೇ ಇರ್ಲಿ ಬಿಡಿ," ಎಂದು ನಕ್ಕಳು. ಮಿಷನ್ನು ಓಡುತ್ತಿದ್ದರೂ ಅವು ದಿನಾ ಹಾಗೇ ಮೇಲೆ ಬರುತ್ತವೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಮ್ಮನ ನೆನೆದು ಸುಕ್ಕಾದ ಬೆರಳು ನೋಡಿ ನುಂಗಿಕೊಂಡೆ.

"ಮಿಷನ್‌ಗೆ ರಜ ಕೊಟ್ಟು ನೀನು ದುಡೀತಿದೀಯಲ್ಲಮ್ಮ!"

"ನಾನೇನ್ ಮಿಸನ್ನೇನ್ಲಾ, ರಜ ತಕಳಕ್ಕೆ?"

ಚೊಂಬು ಕಿತ್ತುಕೊಂಡು ಅವಳ ಕೈಗೆ ಪುರಿ ಪೊಟ್ಟಣ ಕೊಟ್ಟೆ. ಅಮ್ಮ ಗೋಡೆಗೊರಗಿ ಕಾಲು ಚಾಚಿ ಪುರಿ ತಿನ್ನುತ್ತಾ, "ಇನ್ನೂ ವಸಿ ಮ್ಯಾಲಿಂದ ಉಯ್ಯಿ," ಎಂದಳು. ಸಂಜೆಯವರೆಗೂ ಹುಯ್ದೆ.